ನಿಮ್ಮ ಗಿಣಿಯ ಅಂಗಾಲು ಯಾವತ್ತಾದ್ರೂ ನೋಡಿದ್ದೀರಾ?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪೂರ್ಣ ಪಠ್ಯ ಇಲ್ಲಿದೆ.

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿ ನಿಂತಿದ್ದೀರೋ, ಇಯರ್‌ಫೋನ್ ಹಾಕ್ಕೊಂಡು ಪಾತ್ರೆ ತೊಳೀತಿದ್ದೀರೋ, ಎಲ್ಲೇ ಇರಿ, ಮೊದಲು ಒಂದು ಪ್ರಶ್ನೆ. ಮನೇಲಿ ಗಿಣಿ ಜಾತಿಯ ಹಕ್ಕಿ ಸಾಕಿದ್ದೀರಾ? ಅಂಗಡಿಯವರು ಲವ್ ಬರ್ಡ್ಸ್ ಅಂತ ಮಾರೋ ಬಜ್ಜಿ, ಕಾಕಟೀಲ್, ಯಾವುದಾದ್ರೂ ಸರಿ. ಸಾಕಿದ್ರೆ, ಅದರ ಅಂಗಾಲು ಯಾವತ್ತಾದ್ರೂ ನೋಡಿದ್ದೀರಾ?

ನಾನು ನೋಡಿರಲಿಲ್ಲ. ಇವತ್ತಿನ ಮಾತು ಅದರದ್ದೇ.

ನನ್ನದು ಕಾಕಟೀಲ್, ಹೆಸರು ಚಿಂಟು. ಬೂದು ಮೈ, ಹಳದಿ ಜುಟ್ಟು, ಕೆನ್ನೆ ಮೇಲೆ ಕಿತ್ತಳೆ ಬೊಟ್ಟು. ಮನೆಗೆ ಬಂದ ಒಂದೂವರೆ ವರ್ಷದಲ್ಲಿ ನನ್ನ ಫೋನ್ ತುಂಬ ಅದರ ಫೋಟೋಗಳೇ ಆಗಿದ್ದವು. ಒಂದರಲ್ಲೂ ಅಂಗಾಲು ಇರಲಿಲ್ಲ. ಅದನ್ನ ಮೊದಲು ನೋಡಿದ್ದು ನಮ್ಮಜ್ಜಿ. ತಿಪಟೂರು ಕಡೆಯವರು, ಜೀವನವಿಡೀ ಕೋಳಿ ಸಾಕಿದವರು. ಬೆಂಗಳೂರಿಗೆ ಬಂದಿದ್ದಾಗ ಒಂದು ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಪಂಜರದ ಮುಂದೆ ಕೂತು, ಸುಮ್ಮನೆ ನೋಡ್ತಾ ಇದ್ರು. ಆಮೇಲೆ ಕೇಳಿದ್ರು, "ಯಾಕ್ ಪುಟ್ಟ, ಇದು ಕೆಂಡದ ಮೇಲೆ ನಿಂತಂಗೆ ಕಾಲು ಬದಲಾಯಿಸ್ತಾ ಐತೆ?"

"ಅದು ಹಂಗೇ ಅಜ್ಜಿ, ಡ್ಯಾನ್ಸ್ ಮಾಡುತ್ತೆ" ಅಂದೆ. ನಿಜ ಹೇಳ್ಬೇಕಂದ್ರೆ, ಆ ಡ್ಯಾನ್ಸ್‌ದು ಒಂದು ರೀಲ್ ಕೂಡ ಹಾಕಿದ್ದೆ. ಒಳ್ಳೆ ಲೈಕ್ಸ್ ಬಂದಿತ್ತು.

ಅಜ್ಜಿ ನಗಲಿಲ್ಲ. "ಹಿಡ್ಕೊಂಡು ತಿರುಗ್ಸು, ಕಾಲು ನೋಡಾನ" ಅಂದ್ರು. ಟವೆಲ್‌ನಲ್ಲಿ ಹಿಡಿದು ತಿರುಗಿಸಿದೆ. ಎರಡೂ ಅಂಗಾಲು ಕೆಂಪಗೆ, ಪಾಲಿಶ್ ಹಾಕಿದ ಹಾಗೆ ಹೊಳೀತಿದ್ದವು. ಎಡಗಾಲಿನ ನಡುವೆ ಸಾಸಿವೆ ಕಾಳಿನಷ್ಟು ಕಂದು ಹೆಕ್ಕಳೆ. "ನಮ್ ಕೋಳಿಗೂ ಆಯ್ತಿತ್ತು, ಕಾಲಲ್ಲಿ ಆಣಿ" ಅಂದ್ರು ಅಜ್ಜಿ.

ಅವತ್ತೇ ಹಕ್ಕಿಗಳನ್ನ ನೋಡುವ ಪಶುವೈದ್ಯರ ಹತ್ರ ಹೋದ್ವಿ. ಅಜ್ಜಿ ಹೇಳಿದ್ದು ಸರಿಯಾಗೇ ಇತ್ತು. ಡಾಕ್ಟರ್ ಭಾಷೇಲಿ ಇದಕ್ಕೆ ಬಂಬಲ್‌ಫುಟ್ ಅಂತಾರೆ. ಅಂಗಾಲಿನ ಒಂದೇ ಜಾಗದ ಮೇಲೆ ದಿನವಿಡೀ ಭಾರ ಬಿದ್ದು ಚರ್ಮ ತೆಳುವಾಗುತ್ತೆ, ಆಮೇಲೆ ಬಿರುಕು ಬಿಡುತ್ತೆ, ಬಿರುಕಲ್ಲಿ ಸೋಂಕು ಸೇರುತ್ತೆ. ಬಿಟ್ಟರೆ ಸೋಂಕು ಮೂಳೆವರೆಗೂ ಇಳಿಯುತ್ತೆ, ಜೀವಕ್ಕೇ ಅಪಾಯ. ಡಾಕ್ಟರ್ ತೂಕ ಹಾಕಿದ್ರು, 83 ಗ್ರಾಂ. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಪಂಜರದಲ್ಲಿ ಎಂಥ ಕಡ್ಡಿ ಹಾಕಿದ್ದೀರಾ?"

ಫೋಟೋ ತೋರಿಸಿದೆ. ಪಂಜರದ ಜೊತೆ ಬಂದಿದ್ದ ಎರಡು ನುಣುಪಾದ ದುಂಡು ಕಡ್ಡಿ, ಎರಡೂ ಒಂದೇ ದಪ್ಪ. ಒಂದಕ್ಕೆ ಮರಳು ಕಾಗದದ ಕವರ್. ಅದನ್ನ ನಾನೇ ದುಡ್ಡು ಕೊಟ್ಟು ತಂದಿದ್ದೆ, ಉಗುರು ಸವೆಯಲಿ ಅಂತ. ಸವೆದಿದ್ದು ಅಂಗಾಲು.

ಇದು ಯಾಕೆ ಅಂತ ಸ್ವಲ್ಪ ಯೋಚನೆ ಮಾಡಿ. ನಾವು ಕೂರ್ತೀವಿ, ಮಲಗ್ತೀವಿ, ಕಾಲಿಗೆ ಬಿಡುವು ಸಿಗುತ್ತೆ. ಗಿಣಿ ನಿದ್ದೆ ಮಾಡೋದೂ ನಿಂತ್ಕೊಂಡೇ. ಅದರ ಕಾಲಲ್ಲಿ ಎರಡು ಬೆರಳು ಮುಂದೆ, ಎರಡು ಹಿಂದೆ. ಕೊಂಬೆ ಹಿಡಿಯೋಕೆ ಅಂತಲೇ ಇರೋ ಕಾಲು. ಕಾಕಟೀಲ್‌ನ ತವರು ಆಸ್ಟ್ರೇಲಿಯಾ. ಅಲ್ಲಿ ಅದು ಒಂದು ಗಳಿಗೆ ದಪ್ಪ ಕೊಂಬೆ ಮೇಲೆ, ಇನ್ನೊಂದು ಗಳಿಗೆ ತೆಳು ರೆಂಬೆ ಮೇಲೆ, ಮತ್ತೆ ನೆಲದ ಮೇಲೆ ಕಾಳು ಹೆಕ್ತಾ ಇರುತ್ತೆ. ಪ್ರತಿ ಸಲ ಭಾರ ಬೀಳೋ ಜಾಗ ಬೇರೆ. ನಮ್ಮ ಪಂಜರದಲ್ಲಿ 24 ಗಂಟೆ ಅದೇ ಕಡ್ಡಿ, ಅದೇ ಜಾಗ.

ಸರಿ, ಹಾಗಾದ್ರೆ ಎಂಥ ಕಡ್ಡಿ ಹಾಕ್ಬೇಕು?

ಮೊದಲು ದಪ್ಪ. ಹಕ್ಕಿ ಕೂತಾಗ ಬೆರಳುಗಳು ಕಡ್ಡಿಯನ್ನ ಸುಮಾರು ಮುಕ್ಕಾಲು ಭಾಗ ಸುತ್ತಿರಬೇಕು. ಮುಂದಿನ ಬೆರಳ ತುದಿ, ಹಿಂದಿನ ಬೆರಳ ತುದಿ ಒಂದಕ್ಕೊಂದು ತಾಗಿದ್ರೆ ಕಡ್ಡಿ ತೆಳುವಾಯ್ತು. ಬೆರಳು ಚಪ್ಪಟೆಯಾಗಿ ಹರಡಿಕೊಂಡಿದ್ರೆ ದಪ್ಪವಾಯ್ತು. ಅಂದಾಜಿಗೆ ಬಜ್ಜಿಗೆ 1ರಿಂದ 1.5 ಸೆಂಟಿಮೀಟರ್, ಕಾಕಟೀಲ್‌ಗೆ 1.5ರಿಂದ 2.5 ಸೆಂಟಿಮೀಟರ್. ಆದ್ರೆ ಎಲ್ಲಾ ಕಡ್ಡಿನೂ ಒಂದೇ ಅಳತೆ ಬೇಡ. ಪಂಜರದಲ್ಲಿ ಮೂರು ಕಡ್ಡಿ ಇದ್ರೆ ಮೂರೂ ಬೇರೆ ಬೇರೆ ದಪ್ಪ ಇರಲಿ.

ಎರಡನೇದು, ಮರ. ಇದಕ್ಕೆ ದುಡ್ಡೇ ಬೇಡ. ಸೀಬೆ ಕೊಂಬೆ ಒಳ್ಳೇದು, ಬೇವಿಂದೂ ಆಗುತ್ತೆ. ಗಂಟು ಗಂಟಾಗಿ, ಸೊಟ್ಟಗೆ ಇದ್ದಷ್ಟೂ ಒಳ್ಳೇದು, ತೊಗಟೆ ಸಮೇತ ಇರಲಿ, ಹಕ್ಕಿ ಕಡಿದು ಆಟ ಆಡುತ್ತೆ. ಔಷಧಿ ಹೊಡೆದ ಮರದ್ದು ಬೇಡ, ಟ್ರಾಫಿಕ್ ಹೊಗೆ ಕುಡಿದ ರಸ್ತೆ ಬದಿ ಮರದ್ದೂ ಬೇಡ. ತಂದ ಕೊಂಬೆಯನ್ನ ಬ್ರಷ್ ಹಾಕಿ ಉಜ್ಜಿ, ಬಿಸಿ ನೀರಲ್ಲಿ ತೊಳೆದು, ಕೆಲವು ದಿನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಕಣಗಿಲೆ ಮಾತ್ರ ಖಂಡಿತ ಬೇಡ, ಆ ಗಿಡದ ಪ್ರತಿ ಭಾಗವೂ ವಿಷ. ಯಾವ ಮರ ಅಂತ ಗೊತ್ತಾಗದಿದ್ರೆ ಆ ಕೊಂಬೆ ಬಿಟ್ಟುಬಿಡಿ.

ಮೂರನೇದು, ಜಾಗ. ಊಟದ ಬಟ್ಟಲು, ನೀರಿನ ಬಟ್ಟಲ ಮೇಲೆ ಕಡ್ಡಿ ಬರಬಾರದು, ಹಿಕ್ಕೆ ಅದರಲ್ಲೇ ಬೀಳುತ್ತೆ. ಒಂದರ ಕೆಳಗೆ ನೇರವಾಗಿ ಇನ್ನೊಂದು ಬೇಡ. ಬಾಲ ಸರಳಿಗೆ ಉಜ್ಜದಷ್ಟು ದೂರ ಇರಲಿ. ಹಕ್ಕಿ ರಾತ್ರಿ ಮಲಗೋಕೆ ಸಾಮಾನ್ಯವಾಗಿ ಎತ್ತರದ ಕಡ್ಡಿನೇ ಆರಿಸುತ್ತೆ. ಹಾಗಾಗಿ ಮೆತ್ತಗೆ ಅನಿಸೋ, ಅಲುಗಾಡದ ಒಳ್ಳೆ ಕಡ್ಡಿ ಮೇಲಿರಲಿ.

ಅಂಗಡೀಲಿ ಸಿಗೋದರ ಬಗ್ಗೆ ಎರಡು ಮಾತು. ಮರಳು ಕಾಗದದ ಕವರ್ ಬೇಡವೇ ಬೇಡ. ಉಗುರು ಸವೆಸೋ ಸಿಮೆಂಟ್ ಕಡ್ಡಿ ಒಂದಿದ್ರೆ ಪರವಾಗಿಲ್ಲ, ಆದ್ರೆ ಮಲಗೋ ಜಾಗದಲ್ಲಿ ಬೇಡ. ಹಗ್ಗದ ಕಡ್ಡಿ ಕಾಲಿಗೆ ಹಿತ. ಆದ್ರೆ ನೂಲು ಎದ್ದಿದೆಯಾ ಅಂತ ದಿನಾ ನೋಡಿ. ಎದ್ದ ನೂಲು ಬೆರಳಿಗೆ ಸುತ್ತಿಕೊಂಡ್ರೆ ರಕ್ತ ಓಡಾಟ ನಿಂತು ಬೆರಳೇ ಹೋಗಬಹುದು. ನುಂಗಿದ್ರೆ ಹೊಟ್ಟೇಲಿ ಕಟ್ಟಿಕೊಳ್ಳುತ್ತೆ.

ಇನ್ನು ಗಾಯ, ನೋವು ಗುರುತಿಸೋದು. ಕಷ್ಟ ಇರೋದೇ ಇಲ್ಲಿ. ಹಕ್ಕಿ ನೋವನ್ನ ಮುಚ್ಚಿಡುತ್ತೆ. ಕಾಡಲ್ಲಿ ಸುಸ್ತಾದ ಹಕ್ಕಿ ಮೇಲೆ ಹದ್ದಿನ ಕಣ್ಣು ಮೊದಲು ಬೀಳುತ್ತೆ, ಅದಕ್ಕೇ ಚೆನ್ನಾಗಿರೋ ಥರ ನಟಿಸುತ್ತೆ. ನಮಗೆ ಕಾಯಿಲೆ ಕಾಣೋ ಹೊತ್ತಿಗೆ ಎಷ್ಟೋ ಸಲ ತಡ ಆಗಿರುತ್ತೆ.

ಒಂಟಿ ಕಾಲಲ್ಲಿ ನಿದ್ದೆ ಮಾಡಿದ್ರೆ ಗಾಬರಿ ಬೇಡ, ಅದು ಸಹಜ. ಯಾವಾಗಲೂ ಅದೇ ಕಾಲನ್ನ ಎತ್ತಿಕೊಂಡಿದ್ರೆ, ಅಥವಾ ಎಚ್ಚರ ಇರುವಾಗಲೂ ಮತ್ತೆ ಮತ್ತೆ ಕಾಲು ಬದಲಾಯಿಸ್ತಿದ್ರೆ ಅಂಗಾಲು ನೋಡಿ. ಆರೋಗ್ಯವಾದ ಅಂಗಾಲಲ್ಲಿ ಸಣ್ಣ ಸಣ್ಣ ಹುರುಪೆಯ ಗೆರೆ ಕಾಣುತ್ತೆ. ಆ ಗೆರೆ ಅಳಿಸಿ, ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯೋಕೆ ಶುರುವಾದ್ರೆ ಅದೇ ಮೊದಲ ಸೂಚನೆ. ಆಗಲೇ ಕಡ್ಡಿ ಬದಲಾಯಿಸಿದ್ರೆ ಎಷ್ಟೋ ಹಕ್ಕಿಗಳು ಉಳ್ಕೊಳ್ತವೆ. ಊತ, ಹೆಕ್ಕಳೆ, ಕಪ್ಪು ಕಲೆ ಕಂಡ್ರೆ ಡಾಕ್ಟರ್ ಹತ್ರಾನೇ ಹೋಗಿ.

ಒಂದು ರೆಕ್ಕೆ ಜೋತುಬಿದ್ದಿದೆಯಾ? ಹಗಲಲ್ಲೂ ಪುಕ್ಕ ಉಬ್ಬಿಸಿಕೊಂಡು ಮುದುಡಿ ಕೂತಿದೆಯಾ? ಕಡ್ಡಿ ಬಿಟ್ಟು ಪಂಜರದ ತಳದಲ್ಲಿ ಕೂತಿದೆಯಾ? ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡ್ತಿದೆಯಾ? ಇದರಲ್ಲಿ ಒಂದು ಕಂಡ್ರೂ ನಾಳೆ ನೋಡೋಣ ಅನ್ಬೇಡಿ. ಮತ್ತೆ ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ಹಾಕಿ, ಬರೆದಿಡಿ. ಶೇಕಡಾ 10ರಷ್ಟು ಇಳಿದ್ರೆ ಅದು ದೊಡ್ಡ ವಿಷಯ. ಚಿಂಟು ಹುಷಾರಾದ ಮೇಲೆ ತೂಕ 92 ಗ್ರಾಂ ಆಯ್ತು. ಅಂದ್ರೆ ಡ್ಯಾನ್ಸ್ ಮಾಡ್ತಿದೆ ಅಂತ ನಾನು ನಗ್ತಿದ್ದಾಗ ಅದು 9 ಗ್ರಾಂ ಕಳ್ಕೊಂಡಿತ್ತು.

ರಕ್ತ ಬಂದ್ರೆ? ಕಾಕಟೀಲ್‌ಗಳು ರಾತ್ರಿ ಬೆಚ್ಚಿಬಿದ್ದು ಕತ್ತಲಲ್ಲಿ ಒದ್ದಾಡಿ ಪುಕ್ಕ ಮುರ್ಕೊಳ್ತವೆ. ಒಂದು ಸಣ್ಣ ಬೆಡ್‌ಲ್ಯಾಂಪ್ ಇದ್ರೆ ಒಳ್ಳೇದು. ಫ್ಯಾನ್‌ಗೆ ಸಿಕ್ಕಿ ಸಾಯೋ ಹಕ್ಕಿಗಳೂ ಕಮ್ಮಿ ಇಲ್ಲ. ಹಕ್ಕಿ ಹೊರಗಿದ್ರೆ ಫ್ಯಾನ್ ಆಫ್, ಅಷ್ಟೇ. 90 ಗ್ರಾಂ ಹಕ್ಕಿ ಮೈಯಲ್ಲಿರೋ ರಕ್ತ ಹೆಚ್ಚುಕಮ್ಮಿ ಎರಡು ಟೀ ಚಮಚದಷ್ಟು. ಉಗುರು ಅಥವಾ ಪುಕ್ಕದಿಂದ ರಕ್ತ ಬರ್ತಿದ್ರೆ ಕಾರ್ನ್‌ಫ್ಲೋರ್ ಹಚ್ಚಿ, ಶುಭ್ರ ಬಟ್ಟೇಲಿ ಮೆಲ್ಲಗೆ ಒತ್ತಿ ಹಿಡೀರಿ. ಎದೆ ಭಾಗ ಒತ್ತಬೇಡಿ, ಎದೆ ಅಲುಗದಿದ್ರೆ ಹಕ್ಕಿಗೆ ಉಸಿರಾಡೋಕೇ ಆಗಲ್ಲ. ಎಣ್ಣೆ, ಜಿಡ್ಡಿನ ಮುಲಾಮು, ನಮ್ಮ ನೋವಿನ ಮಾತ್ರೆ ಯಾವುದೂ ಬೇಡ. ಗಾಳಿಯಾಡೋ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ, ಬೆಚ್ಚಗಿಟ್ಟು, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಹಕ್ಕಿ ನೋಡೋ ಡಾಕ್ಟರ್ ನಂಬರ್ ಇವತ್ತೇ ಫೋನಲ್ಲಿ ಸೇವ್ ಮಾಡ್ಕೊಳ್ಳಿ, ಎಲ್ಲಾ ಕ್ಲಿನಿಕ್‌ಗಳಲ್ಲೂ ಹಕ್ಕಿ ನೋಡಲ್ಲ.

ಒಂದು ಮಾತು ಮರೆಯೋ ಮುಂಚೆ. ನಮ್ಮ ಊರಿನ, ಕೆಂಪು ಕೊಕ್ಕಿನ ಹಸಿರು ಗಿಣಿಯನ್ನ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಗಾಯಗೊಂಡ ಹಸಿರು ಗಿಣಿ ಸಿಕ್ಕಿದ್ರೆ ಅರಣ್ಯ ಇಲಾಖೆಗೆ ತಿಳಿಸಿ, ಪಂಜರ ತರೋಕೆ ಹೋಗ್ಬೇಡಿ.

ಚಿಂಟು ಕಾಲು ವಾಸಿಯಾಗೋಕೆ ಎರಡು ತಿಂಗಳು ಹಿಡೀತು. ಡಾಕ್ಟರ್ ಕೊಟ್ಟ ಔಷಧಿ, ಮೂರು ಸೀಬೆ ಕೊಂಬೆ, ಜೊತೆಗೆ ಊಟ ಬದಲಾವಣೆ. ಬರೀ ನವಣೆ, ಸೂರ್ಯಕಾಂತಿ ಬೀಜ ಹಾಕ್ತಿದ್ದೆ, ಅದರಲ್ಲಿ ಎ ಜೀವಸತ್ವ ಸಾಲಲ್ಲ, ಚರ್ಮ ಬೇಗ ಹಾಳಾಗುತ್ತೆ. ಈಗ ಕ್ಯಾರೆಟ್, ಸೊಪ್ಪು ತಿನ್ನುತ್ತೆ. ಎಡಗಾಲಲ್ಲಿ ಕಲೆ ಉಳಿದಿದೆ.

ಆ ರೀಲ್ ಡಿಲೀಟ್ ಮಾಡ್ಬೇಕು ಅಂತಿದ್ದೆ. ಮಾಡಲಿಲ್ಲ, ಕ್ಯಾಪ್ಷನ್ ಬದಲಾಯಿಸಿದೆ: "ಇದು ಡ್ಯಾನ್ಸ್ ಅಲ್ಲ, ಕಾಲು ನೋವು." ಅವತ್ತು ರಾತ್ರಿನೇ ಒಬ್ಬ ಹುಡುಗಿ ಮೆಸೇಜ್ ಮಾಡಿದ್ಲು, "ನಮ್ಮದೂ ಹಿಂಗೇ ಮಾಡುತ್ತೆ ಅಕ್ಕ, ಏನ್ ಮಾಡ್ಲಿ?" ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಈ ಎಪಿಸೋಡ್ ಮುಗಿದ ಮೇಲೆ ಫೋನ್ ಪಕ್ಕಕ್ಕಿಡಿ. ನಮ್ಮಜ್ಜಿ ಥರ ಪಂಜರದ ಮುಂದೆ ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ಆಮೇಲೆ ಮೆಲ್ಲಗೆ ಹಿಡಿದು, ಕಾಲು ತಿರುಗಿಸಿ ನೋಡಿ.

ಮುಂದಿನ ವಾರ ಸಿಗೋಣ.