ಕುವೈತಿನಿಂದ ಬಂದವರನ್ನು ಕೇಳಿದಿರಾ?



ಚರಿತ್ರೆಯನ್ನು ಕಣ್ಣಾರೆ ಕಂಡವರ ಮಾತು ಈ ಸಮ್ಮೇಳನದ ವಿಷಯ. ನಮ್ಮ ಮಂಗಳೂರು ಕಡಲಿಗೆ ಬಾಗಿಲು ತೆರೆದುಕೊಂಡಿರುವ ಊರು. ಇಲ್ಲಿಗೆ ಬಂದವರು ನಮ್ಮನ್ನು ಕಂಡು ಬರೆದರು. ಇಲ್ಲಿಂದ ಹೋದವರು ಜಗತ್ತನ್ನು ಕಂಡರು, ಆದರೆ ಬರೆಯಲಿಲ್ಲ. ನಾನು ಇಂದು ಹೇಳಬೇಕೆಂದಿರುವುದೆಲ್ಲ ಈ ಅಂತರದ ಬಗ್ಗೆ.

1623ರ ಕೊನೆಯಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮಿನ ಪ್ರವಾಸಿ ಇಕ್ಕೇರಿಯಿಂದ ಮಂಗಳೂರಿಗೆ ಬಂದ. ಉಳ್ಳಾಲದ ರಾಣಿಯನ್ನು ನೋಡಲೇಬೇಕೆಂದು ಮಣೇಲಿಗೆ ಹೋದ. ಅರಮನೆಯ ಒಡ್ಡೋಲಗದಲ್ಲಿ ಅಲ್ಲ, ಬೀದಿಯಲ್ಲಿ ಅವನಿಗೆ ರಾಣಿ ಎದುರಾದಳು. ಬರಿಗಾಲು, ಸೊಂಟಕ್ಕೆ ದಪ್ಪ ಬಿಳಿ ಹತ್ತಿಬಟ್ಟೆ, ತಲೆಯ ಮೇಲೆ ಯಾರೋ ಹಿಡಿದ ತಾಳೆಗರಿಯ ಕೊಡೆ. ಹೊಲಕ್ಕೆ ನೀರುಣಿಸುವ ತೋಡಿನ ಕೆಲಸ ನೋಡಲು ಹೊರಟಿದ್ದಳು. ನೋಟಕ್ಕೆ ಅಡುಗೆಯ ಆಳಿನಂತೆ ಕಂಡಳು, ಮಾತಾಡಿದಾಗ ರಾಣಿಯೆಂದು ತಿಳಿಯಿತು ಎಂಬರ್ಥದಲ್ಲಿ ಅವನು ನೇಪಲ್ಸಿನ ಗೆಳೆಯನಿಗೆ ಬರೆದ. ಮೊದಲ ಮಾತಿನಲ್ಲಿ ಪರದೇಶಿಯ ಅಹಂಕಾರವಿದೆ, ಅದನ್ನು ನಾವು ಒಪ್ಪಬೇಕಿಲ್ಲ. ಆದರೆ ಪೋರ್ಚುಗೀಸರ ಎದುರು ನಿಂತ ಮನೆತನದ ಅರಸಿಯೊಬ್ಬಳು ಬಿಸಿಲಲ್ಲಿ ನಡೆದು ನೀರಿನ ಕೆಲಸ ನೋಡುತ್ತಿದ್ದಳು ಎಂಬುದು ನಮಗೆ ಗೊತ್ತಿರುವುದು ಅವನಿಂದ. ಯಾವ ಶಾಸನವೂ ಬಿರುದಾವಳಿಯೂ ರಾಣಿಯ ಬರಿಗಾಲನ್ನು ಹೇಳುವುದಿಲ್ಲ. ಕಂಡವನು ಮಾತ್ರ ಹೇಳುತ್ತಾನೆ.

ಕಂಡವರ ಮಾತೆಲ್ಲ ನಿಜವೆಂದು ನಾನು ಹೇಳುತ್ತಿಲ್ಲ. 1784ರ ಮಾರ್ಚ್ 11ರಂದು ಟಿಪ್ಪುವಿಗೂ ಇಂಗ್ಲಿಷರಿಗೂ ಮಂಗಳೂರಿನಲ್ಲಿ ಒಪ್ಪಂದವಾಯಿತು. ಇಂಗ್ಲಿಷರ ಆಯುಕ್ತರ ಡೇರೆಯ ಎದುರು ಗಲ್ಲುಗಂಬ ನೆಟ್ಟಿದ್ದರು ಎಂದು ಒಂದು ಕಡೆಯ ಕಥೆ. ಆಯುಕ್ತರೇ ಬರಿತಲೆಯಲ್ಲಿ ತಾಸುಗಟ್ಟಲೆ ನಿಂತು ಅಂಗಲಾಚಿದರು ಎಂದು ಇನ್ನೊಂದು ಕಡೆಯದು. ಆ ಆಯುಕ್ತರಲ್ಲಿ ಒಬ್ಬನಾದ ಜಾರ್ಜ್ ಸ್ಟಾಂಟನ್ ಮುಂದೆ ಮೆಕಾರ್ಟ್ನಿಯ ನಿಯೋಗದೊಂದಿಗೆ ಚೀನಾದ ಚಕ್ರವರ್ತಿಯ ಬಳಿಗೂ ಹೋದ. ಅದರ ವೃತ್ತಾಂತ 1797ರಲ್ಲಿ ಅಚ್ಚಾಗಿ ಇಂದಿಗೂ ಓದಲು ಸಿಗುತ್ತದೆ. ಆದರೆ ಒಪ್ಪಂದಕ್ಕೆ ಮುನ್ನ ತಿಂಗಳುಗಟ್ಟಲೆ ಕೋಟೆಯ ಮುತ್ತಿಗೆ ನಡೆದಾಗ ಬಂದರಿನ ಮೊಗವೀರರು, ಬ್ಯಾರಿ ವ್ಯಾಪಾರಿಗಳು, ಪೇಟೆಯ ಕೊಂಕಣಿಗರು ಹೇಗೆ ಬದುಕಿದರು? ಅದೇ ವರ್ಷ ಕೆನರಾದ ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಘಾಟಿ ಹತ್ತಿದ ತಾಯಂದಿರು ಏನು ಕಂಡರು? ಎಷ್ಟು ಜನರೆಂಬ ಲೆಕ್ಕವೇ ಒಂದೊಂದು ಬರಹದಲ್ಲಿ ಒಂದೊಂದು. ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ತುಯ್ಯುತ್ತದೆ. ಸಂಖ್ಯೆಯ ಬಗ್ಗೆ ಎರಡು ನೂರು ವರ್ಷ ಜಗಳವಾಡಿದ್ದೇವೆ. ನಡೆದುಹೋದವರಲ್ಲಿ ಒಬ್ಬಳ ಮಾತಾದರೂ ನಮ್ಮ ಕೈಯಲ್ಲಿ ಉಳಿದಿದ್ದರೆ ಆ ಜಗಳದ ದನಿ ಬೇರೆಯಾಗುತ್ತಿತ್ತೆಂದು ನಾನು ನಂಬುತ್ತೇನೆ.

1837ಕ್ಕೆ ಬಂದರೂ ಇದೇ ಗತಿ. ಸುಳ್ಯದಿಂದ ಹೊರಟ ರೈತರ ದಂಡು ಏಪ್ರಿಲ್ 5ರಂದು ಊರನ್ನು ಹಿಡಿದು, ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಏರಿಸಿ, ಹದಿಮೂರು ದಿನ ಆಳಿತು. ಆ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲಿದೆ, ಸಂತೋಷ. ಆದರೆ ಆ ಹದಿಮೂರು ದಿನ ಪೇಟೆಯಲ್ಲಿ ಅಂಗಡಿ ತೆರೆದಿತ್ತೆ? ಉಪ್ಪು, ಹೊಗೆಸೊಪ್ಪು ಯಾವ ಬೆಲೆಗೆ ಸಿಕ್ಕಿತು? ಕಣ್ಣೂರಿನಿಂದ ಪಡೆ ಬರುತ್ತಿದೆಯೆಂದು ಊರಿಗೆ ಮೊದಲು ತಿಳಿಸಿದವರಾರು? ಹುಡುಕಲು ಹೊರಟರೆ ಕಂಪೆನಿಯ ಕಡತಗಳನ್ನೇ ತೆರೆಯಬೇಕು, ಅಂದರೆ ಸೋತು ಓಡಿ ಮತ್ತೆ ಗೆದ್ದು ಬಂದವರ ವರದಿಗಳನ್ನು. ಕನ್ನಡದ ಮೊದಲ ಪತ್ರಿಕೆ ಇದೇ ಊರಿನಲ್ಲಿ ಹುಟ್ಟಿತು, ಆದರೆ ಹರ್ಮನ್ ಮೋಗ್ಲಿಂಗರ 'ಮಂಗಳೂರು ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು. ಆರು ವರ್ಷ ಮೊದಲೇ ಹುಟ್ಟಿದ್ದರೆ ಎಂದು ನಾನು ಎಷ್ಟೋ ಸಲ ಹಂಬಲಿಸಿದ್ದೇನೆ.

ಇಷ್ಟೆಲ್ಲ ಕಳೆದುಹೋದದ್ದರ ಮಾತು. ನನ್ನ ಚಿಂತೆ ಇನ್ನೂ ಕಳೆದುಹೋಗದಿರುವುದರ ಬಗ್ಗೆ.

1990ರ ಆಗಸ್ಟ್ 2ರಂದು ಕುವೈತಿನಲ್ಲಿದ್ದವರು ಈ ಸಭೆಯಲ್ಲಿ ಇದ್ದೀರಾ? ನೀವಲ್ಲದಿದ್ದರೆ ನಿಮ್ಮ ಮಾವ, ದೊಡ್ಡಮ್ಮ, ಪಕ್ಕದ ಮನೆಯವರು ಇದ್ದಿರಬಹುದು. ಗುರುವಾರ ಬೆಳಕು ಹರಿಯುವ ಮೊದಲು ಇರಾಕಿನ ಟ್ಯಾಂಕುಗಳು ಗಡಿ ದಾಟಿದವು. ಅಲ್ಲಿ ಸುಮಾರು 1,70,000 ಭಾರತೀಯರಿದ್ದರು. ಅವರಲ್ಲಿ ನಮ್ಮ ಕರಾವಳಿಯ ಚಾಲಕರು, ಅಡುಗೆಯವರು, ಗುಮಾಸ್ತರು, ನರ್ಸುಗಳು, ಮನೆಗೆಲಸದ ಹೆಂಗಸರು, ಅಂಗಡಿಯವರು ಇದ್ದರು. ಇರಾಕು ತನ್ನ ದಿನಾರನ್ನೂ ಕುವೈತಿನ ದಿನಾರನ್ನೂ ಸರಿಸಮವೆಂದು ಸಾರಿತು. ವರ್ಷಗಟ್ಟಲೆ ದುಡಿದು ಇಟ್ಟ ಉಳಿತಾಯ ಕಣ್ಣೆದುರೇ ಕರಗಿತು. ಆಗಸ್ಟ್ 28ರಂದು ಕುವೈತು ಇರಾಕಿನ ಹತ್ತೊಂಬತ್ತನೆಯ ಪ್ರಾಂತ್ಯವಾಯಿತು. ಬಸ್ಸು ಹಿಡಿದು ಬಾಗ್ದಾದಿಗೆ, ಅಲ್ಲಿಂದ ಮರಳುಗಾಡಿನ ದಾರಿಯಲ್ಲಿ ಜೋರ್ಡಾನಿನ ಗಡಿಗೆ, ರುವೈಶೆದ್ ಕಡೆಯ ಡೇರೆಗಳಿಗೆ, ನೀರಿಗಾಗಿ ಸಾಲಿಗೆ, ಕೊನೆಗೆ ಅಮ್ಮಾನಿನ ವಿಮಾನ ನಿಲ್ದಾಣಕ್ಕೆ. ಏರ್ ಇಂಡಿಯಾ ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮುಂಬೈಗೆ ತಂದಿಳಿಸಿತು. ಕೊಂಕಣ ರೈಲು ಇನ್ನೂ ಇಲ್ಲದ ಕಾಲ. ಮುಂಬೈಯಲ್ಲಿ ಇಳಿದ ಮೇಲೂ ಮಂಗಳೂರು ದೂರವೇ ಇತ್ತು.

ಶೀತಲ ಸಮರ ಮುಗಿದ ಮೇಲೆ ಜಗತ್ತಿನ ನಕ್ಷೆಯನ್ನು ಅಲುಗಾಡಿಸಿದ ಮೊದಲ ದೊಡ್ಡ ಯುದ್ಧದ ಆರಂಭ ಅದು. ಅದನ್ನು ಕಿಟಕಿಯಿಂದ, ಬೀದಿಯಿಂದ, ಬೇರೆಯವರ ಅಡುಗೆಮನೆಯಿಂದ ಕಂಡವರು ನಮ್ಮ ಬಜ್ಪೆಯಲ್ಲಿ, ಸುರತ್ಕಲ್ಲಿನಲ್ಲಿ, ಉಳ್ಳಾಲದಲ್ಲಿ ಇದ್ದಾರೆ. ಆದರೆ ನಮ್ಮ ಮಕ್ಕಳಿಗೆ ಆ ಘಟನೆ ಗೊತ್ತಿರುವುದು 2016ರ ಹಿಂದಿ ಚಿತ್ರವೊಂದರಿಂದ. ಅದರಲ್ಲಿ ಒಬ್ಬ ನಾಯಕ ಎಲ್ಲರನ್ನೂ ಪಾರುಮಾಡುತ್ತಾನೆ. ಅಂದು ಕೆಲಸ ಮಾಡಿದ ವಿದೇಶಾಂಗ ಇಲಾಖೆಯವರು ಅದನ್ನು ಒಪ್ಪಲಿಲ್ಲ. ಸರ್ಕಾರದ ಕಡೆಯ ನೆನಪುಗಳೂ ಬಂದವು. ಬರದೇ ಇರುವುದು ಬಸ್ಸಿನಲ್ಲಿ ಕುಳಿತವರದ್ದು.

ಒಂದು ದಾಖಲೆ ಇದೆ, ಆದರೆ ಅದು ಜಿನೀವಾಕ್ಕೆ ಹೋಯಿತು. ಯುದ್ಧ ಮುಗಿದ ಮೇಲೆ 1991ರಲ್ಲಿ ವಿಶ್ವಸಂಸ್ಥೆ ಪರಿಹಾರ ಆಯೋಗವನ್ನು ರಚಿಸಿತು. ಇಪ್ಪತ್ತಾರು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಊರು ಬಿಡಬೇಕಾಗಿ ಬಂತೆಂಬ ಒಂದೇ ಕಾರಣಕ್ಕೆ ಒಬ್ಬರಿಗೆ 2,500 ಡಾಲರು, ಕುಟುಂಬಕ್ಕೆ 5,000. ಬೇರೆ ನಷ್ಟ ಕೇಳುವುದಿಲ್ಲವೆಂದರೆ 4,000 ಮತ್ತು 8,000. ಇರಾಕಿನ ಎಣ್ಣೆಯ ಹಣದಿಂದ ಈ ಲೆಕ್ಕ ಪೂರ್ತಿ ಚುಕ್ತಾ ಆದದ್ದು 2022ರಲ್ಲಿ, ಒಟ್ಟು 52 ಶತಕೋಟಿ ಡಾಲರು ಮೀರಿ. ನಮ್ಮ ಮನೆಗಳಲ್ಲೂ ಆ ಅರ್ಜಿ ತುಂಬಿದವರಿದ್ದಾರೆ. ಬಿಟ್ಟುಬಂದ ಕಾರು, ಫ್ರಿಜ್ಜು, ಸಂಬಳದ ಬಾಕಿ ಎಲ್ಲಕ್ಕೂ ಬೆಲೆ ಕಟ್ಟಿದರು. ಗಡಿಯಲ್ಲಿ ಕೂಸಿಗೆ ನೀರು ಕೊಟ್ಟವರು ಯಾರು, ನಿಂತ ಬಸ್ಸಿನಲ್ಲಿ ಯಾವ ಭಾಷೆಯಲ್ಲಿ ಪ್ರಾರ್ಥಿಸಿದರು ಎಂದು ಕೇಳುವ ಕಾಲಂ ಅದರಲ್ಲಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅದನ್ನು ಕೇಳಬೇಕಾದವರು ನಾವು.

ಮಂಗಳೂರಿನವರು ಬರೆದೇ ಇಲ್ಲವೆಂದರೆ ತಪ್ಪಾಗುತ್ತದೆ. ಇಲ್ಲೇ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1930ರ ಉಪ್ಪಿನ ಸತ್ಯಾಗ್ರಹವನ್ನು ಮುಂಬೈಯ ಬೀದಿಯಲ್ಲಿ ನಡೆಸಿದರು. 1941ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ರೈಲಿನ ಬಿಳಿಯರ ಡಬ್ಬಿಯಿಂದ ಏಳೆಂದಾಗ ಏಳಲಿಲ್ಲ, ತಾನೂ ಬಣ್ಣದವಳೇ ಎಂದು ಕುಳಿತೇ ಇದ್ದರು. 1986ರಲ್ಲಿ ಆತ್ಮಕಥೆ ಬರೆದರು, ಇಂಗ್ಲಿಷಿನಲ್ಲಿ. ಅಂಥ ವಿದ್ಯೆ, ಅಂಥ ಪ್ರಕಾಶಕರು ಅವರಿಗೆ ಇದ್ದರು. ಕುವೈತಿನ ಮನೆಯೊಂದರಲ್ಲಿ ಮಗು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ನಾವೇ ಪ್ರಕಾಶಕರು.

ಕಾಲೇಜುಗಳಿಂದ ಬಂದಿರುವ ವಿದ್ಯಾರ್ಥಿಗಳೆ, ಕುವೈತಿನಿಂದ ಮರಳಿದವರ ಬಳಿ ಹೋಗುವಾಗ ಯುದ್ಧದ ಬಗ್ಗೆ ಅಭಿಪ್ರಾಯ ಕೇಳಬೇಡಿ. ಸದ್ದಾಂ ಒಳ್ಳೆಯವನೋ ಕೆಟ್ಟವನೋ ಎಂಬುದು ಟೀವಿಯಿಂದ ಬಂದ ಉತ್ತರವಾಗಿರುತ್ತದೆ. ಆ ದಿನ ಬೆಳಗ್ಗೆ ಎಲ್ಲಿ ಎದ್ದಿರಿ, ಮೊದಲು ಕೇಳಿದ ಸದ್ದು ಯಾವುದು, ಅಕ್ಕಿ ಎಲ್ಲಿಂದ ಬಂತು, ಚಿನ್ನವನ್ನು ಎಲ್ಲಿ ಹೊಲಿದುಕೊಂಡಿರಿ, ಬಸ್ಸಿಗೆ ಎಷ್ಟು ಕೊಟ್ಟಿರಿ, ಯಾರನ್ನು ಬಿಟ್ಟು ಬಂದಿರಿ ಎಂದು ಕೇಳಿ. ವಯಸ್ಸಾದವರ ನೆನಪಿನಲ್ಲಿ ತಾರೀಕು ಜಾರುತ್ತದೆ, ಜನರ ಎಣಿಕೆ ಉಬ್ಬುತ್ತದೆ. ಕೈಕಾಲುಗಳು ಕಂಡದ್ದು ಅಷ್ಟು ಬೇಗ ಜಾರುವುದಿಲ್ಲ. ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿ. ಇಬ್ಬರ ಮಾತು ಹೊಂದದಿದ್ದರೆ ತಿದ್ದಿ ಒಂದುಮಾಡಬೇಡಿ, ಎರಡನ್ನೂ ಬರೆದಿಡಿ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಹೇಳಿದರೆ ಹಾಗೆಯೇ ಧ್ವನಿ ಮುದ್ರಿಸಿ. ಕನ್ನಡದ ಪುಟ ಆಮೇಲೆ ಬರಲಿ. ಅಳು ಬಂದರೆ ಮುದ್ರಣ ನಿಲ್ಲಿಸಿ, ಬೇಡವೆಂದರೆ ಹಿಂದಿರುಗಿ ಬನ್ನಿ. ಹೆಸರು ಮುಚ್ಚಿಡಬೇಕೆಂದರೆ ಮುಚ್ಚಿಡಿ.

ಕಬಾಟಿನ ಅಡಿಯಲ್ಲಿರುವ ಹಳೆಯ ಪಾಸ್‌ಪೋರ್ಟು, ಇರಾಕಿನ ಮುದ್ರೆ ಬಿದ್ದ ಪುಟ, ಪರಿಹಾರದ ಅರ್ಜಿಯ ಪ್ರತಿ, ಆಗಸ್ಟಿನಲ್ಲಿ ಬಾರದೆ ಅಕ್ಟೋಬರಿನಲ್ಲಿ ಬಂದ ಪತ್ರ ಇವುಗಳ ಚಿತ್ರ ತೆಗೆದುಕೊಂಡು ಮೂಲವನ್ನು ಮನೆಯವರಿಗೇ ಬಿಡಿ. 'ಉದಯವಾಣಿ'ಯ ಆ ತಿಂಗಳುಗಳ ಸಂಚಿಕೆಗಳನ್ನು ಪಕ್ಕದಲ್ಲಿಟ್ಟು ತಾರೀಕು ನೋಡಿಕೊಳ್ಳಿ. ಅಂದು ಮೂವತ್ತರ ಹರೆಯದಲ್ಲಿದ್ದವರು ಈಗ ಅರವತ್ತೈದು ದಾಟಿದ್ದಾರೆ, ಐವತ್ತು ಆಗಿದ್ದವರಲ್ಲಿ ಅನೇಕರು ಹೋಗಿಬಿಟ್ಟಿದ್ದಾರೆ. ಆದ್ದರಿಂದ ಸಂಘಟಕರಲ್ಲಿ ನನ್ನ ಕೋರಿಕೆ ಇದು: ನಾಳಿನ ಸಮಾರೋಪದಲ್ಲಿ ಹತ್ತು ನಿರ್ಣಯ ಓದುವ ಬದಲು ಒಂದೇ ನಿರ್ಣಯ ಮಾಡೋಣ. ಜಿಲ್ಲೆಯ ಪ್ರತಿ ಕಾಲೇಜಿನ ಇತಿಹಾಸ ವಿಭಾಗವೂ ಈ ವರ್ಷ ಕುವೈತಿನಿಂದ ಮರಳಿದವರ ಮಾತನ್ನು ದಾಖಲಿಸಿ ತನ್ನ ಗ್ರಂಥಾಲಯದಲ್ಲಿಡಲಿ. ಮನೆಗಳ ಪಟ್ಟಿ ಬರೆದುಕೊಳ್ಳಲು ಊಟದ ವಿರಾಮದಲ್ಲಿ ಬಾಗಿಲ ಬಳಿ ಒಂದು ಮೇಜು ಹಾಕಿಸಿದ್ದೇನೆ. ಅಲ್ಲಿ ನಾನೇ ಕುಳಿತಿರುತ್ತೇನೆ.