ದೊಡ್ಡ ಬೇಟೆಗೆ ತಕ್ಕ ಗುಂಡು



ಕೋವಿಯ ಮಾತು ಬಂದಿತೆಂದರೆ ಎಲ್ಲರೂ ಕೋವಿಯನ್ನೇ ಹೊಗಳುವರು. ನಳಿಗೆ ಯಾವ ದೇಶದ್ದು, ಹಿಡಿಯ ಮರ ಎಷ್ಟು ನಯವಾದುದು, ಮಾಡಿದವರು ಯಾರು, ಇದೇ ಚರ್ಚೆ. ಆದರೆ ಮೃಗದ ಮೈಯನ್ನು ಸೇರತಕ್ಕದ್ದು ಕೋವಿಯಲ್ಲ, ಗುಂಡು. ಆ ಗುಂಡಿನ ವಿಚಾರವಾಗಿ ಈ ಸಂಜೆ ನಾಲ್ಕು ಮಾತುಗಳನ್ನು ಅರಿಕೆಮಾಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಶಾಸನದಿಂದಲೂ ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯಿಂದಲೂ ನಮ್ಮ ದೇಶದಲ್ಲಿ ಬೇಟೆಯ ವಿನೋದ ನಿಂತುಹೋಗಿದೆ. ನಿಂತದ್ದು ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ. ಆದರೂ ಆಫ್ರಿಕ, ಅಮೆರಿಕ ಮೊದಲಾದ ಕಡೆಗಳಲ್ಲಿ ಅದು ಕಾನೂನಿನ ಕಟ್ಟಿನೊಳಗೆ ನಡೆದಿದೆ. ನಮ್ಮ ಹಳೆಯ ಷಿಕಾರಿಯ ಕಥೆಗಳನ್ನು ಓದುವವರಿಗೂ ಗುಂಡಿನ ಗುಣ ತಿಳಿಯದಿದ್ದರೆ ಕಥೆಯಲ್ಲಿ ಅರ್ಧ ತಿಳಿಯದು.

ಗುಂಡು ಪೂರ್ತಿ ತಪ್ಪಿದರೆ ಮೃಗ ಬದುಕಿತು, ಅಷ್ಟೆ. ಅರೆಬರೆ ತಗುಲಿದರೇ ಅನರ್ಥ. 1907ರಲ್ಲಿ ಕುಮಾವೋ ಸೀಮೆಯ ಚಂಪಾವತದಲ್ಲಿ ಜಿಮ್ ಕಾರ್ಬೆಟ್ಟರು ಕೊಂದ ಹೆಣ್ಣುಹುಲಿ 436 ಮಂದಿಯನ್ನು ತಿಂದಿತ್ತೆಂದು ಲೆಕ್ಕ. ಅದರ ಬಲಗಡೆಯ ಕೋರೆಹಲ್ಲುಗಳೆರಡೂ ಹಿಂದೆಂದೋ ತಗುಲಿದ ಗುಂಡಿನಿಂದ ಮುರಿದಿದ್ದುವು. ಮೇಲಿನದು ಅರ್ಧಕ್ಕೆ, ಕೆಳಗಿನದು ಬುಡಕ್ಕೆ. ಸಹಜವಾದ ಆಹಾರವನ್ನು ಹಿಡಿಯಲಾರದೆ ಅದು ಮನುಷ್ಯರ ಮೇಲೆ ಬಿದ್ದಿತೆಂದು ಕಾರ್ಬೆಟ್ಟರು ತಿಳಿದರು. ಆ ಈಡನ್ನು ಹಾರಿಸಿದವನು ಯಾರೋ, ಮನೆಗೆ ಹೋಗಿ ಊಟಮಾಡಿ ಮಲಗಿರಬೇಕು.

ಬೇಟೆಯ ಗುಂಡು ಮಾಡಬೇಕಾದ ಕೆಲಸಗಳು ಎರಡು: ಆಳಕ್ಕೆ ಹೊಗುವುದು, ಒಳಗೆ ಅರಳುವುದು. ಕಷ್ಟವೆಂದರೆ, ಇವೆರಡೂ ಒಂದಕ್ಕೊಂದು ವಿರೋಧ. ತಾಮ್ರಮಿಶ್ರಿತ ಲೋಹದ ಕವಚವನ್ನು ತೊಡಿಸಿ, ಮೂತಿಯಲ್ಲಿ ಮಾತ್ರ ಸೀಸವನ್ನು ಬಯಲಾಗಿ ಬಿಟ್ಟ ಮೆತ್ತನೆಯ ಗುಂಡು ತಗುಲಿದೊಡನೆ ಅಣಬೆಯಂತೆ ಅರಳುತ್ತದೆ. ಹುಲಿ, ಕಡವೆಗಳಿಗೆ ಇದೇ ಸರಿ. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಸೈನ್ಯಕ್ಕಾಗಿ ಇಂತಹವನ್ನು ಮಾಡಿದರು. ಯುದ್ಧದಲ್ಲಿ ಇವು ಕೂಡದೆಂದು 1899ರ ಹೇಗ್ ಸಮ್ಮೇಳನ ಘೋಷಿಸಿತು. ಮನುಷ್ಯನ ಮಟ್ಟಿಗೆ ಕ್ರೂರವೆಂದು ಬಿಟ್ಟದ್ದು ಮೃಗದ ಮಟ್ಟಿಗೆ ಕರುಣೆಯಾಯಿತು, ಏಕೆಂದರೆ ಅದು ನರಳಿಸದೆ ಕೊಲ್ಲುತ್ತದೆ.

ಆನೆಯ ತಲೆಗೆ ಈ ಮೆತ್ತನೆಯ ಗುಂಡು ನಿಷ್ಪ್ರಯೋಜಕ. ಜೇನುಗೂಡಿನಂತಹ ಎಲುಬಿನ ಪದರದಲ್ಲಿಯೇ ಅದು ಚಪ್ಪಟೆಯಾಗಿ ನಿಂತೀತು. 1870ರ ದಶಕದಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ನರು ನಾಲ್ಕರ ಬೋರಿನ ಕೋವಿಯನ್ನೂ ಬಳಸಿದ್ದರು. ಒಂದು ಪೌಂಡ್ ಸೀಸದಲ್ಲಿ ಅದರ ಗುಂಡುಗಳು ನಾಲ್ಕೇ ಆಗುವುವು. ಒಂದೊಂದೂ ಸುಮಾರು 113 ಗ್ರಾಂ. ಹಾರಿಸಿದವನ ಹೆಗಲಿನ ಪಾಡನ್ನು ಹೇಳಬೇಕಾಗಿಲ್ಲ. ಮುಂದೆ ಆಫ್ರಿಕದಲ್ಲಿ ದಂತಕ್ಕಾಗಿ ಸಾವಿರಕ್ಕೂ ಮೀರಿ ಆನೆಗಳನ್ನು ಕೊಂದ ಬೆಲ್ ಎಂಬ ಸ್ಕಾಟ್ಲೆಂಡಿನವರು ಅವುಗಳಲ್ಲಿ ಬಹುಪಾಲನ್ನು 7 ಮಿಲಿಮೀಟರಿನ ಸಣ್ಣ ರೈಫಲ್ಲಿನಿಂದ ಕೆಡವಿದರು. ಆ ಗುಂಡು 11 ಗ್ರಾಂ ಮಾತ್ರ! ಇದನ್ನು ಓದಿ, ಸಣ್ಣ ಕೋವಿಯೇ ಸಾಕೆಂದು ಬಗೆದವರುಂಟು. ಅವರು ಎರಡು ಸಂಗತಿಗಳನ್ನು ಮರೆತರು. ಬೆಲ್ಲರ ಗುಂಡು ತುದಿಯವರೆಗೂ ಕವಚವಿದ್ದ, ಉದ್ದವಾದ, ದುಂಡುಮೂತಿಯ ಗಟ್ಟಿಗುಂಡು. ಬಾಗದೆ, ಅರಳದೆ, ನೆಟ್ಟಗೆ ಹೋಗತಕ್ಕದ್ದು. ಆನೆಯ ಮಿದುಳು ತಲೆಯಲ್ಲಿ ಎಲ್ಲಿದೆಯೆಂಬುದನ್ನು ಅವರು ತಲೆಬುರುಡೆಗಳನ್ನು ಸೀಳಿ ನೋಡಿ ಕಲಿತಿದ್ದರು.

ವೇಗವೂ ಒಮ್ಮೊಮ್ಮೆ ಶತ್ರುವಾಗುತ್ತದೆ. 1946ರಲ್ಲಿ ಬ್ರಿಟಿಷ್ ಕೊಲಂಬಿಯದಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕನ್ನರು ಹೊಸ ವೇಗದ ರೈಫಲ್ಲಿನಿಂದ ಮೂಸ್ ಎಂಬ ಭಾರಿ ಸಾರಂಗಕ್ಕೆ ಹೊಡೆದಾಗ, ಕೆಸರು ಮೆತ್ತಿದ್ದ ಅದರ ಭುಜದಲ್ಲಿ ಗುಂಡು ಒಡೆದು ಚೂರಾಯಿತು, ಒಳಗೆ ಹೋಗಲಿಲ್ಲ. ಅವರು ಮನೆಗೆ ಬಂದು, ಗುಂಡಿನ ನಡುವೆ ತಾಮ್ರಮಿಶ್ರಲೋಹದ ಅಡ್ಡಗೋಡೆಯೊಂದನ್ನು ಇಟ್ಟರು. ಮುಂದಿನ ಸೀಸ ಅರಳಲಿ, ಹಿಂದಿನದು ಗಟ್ಟಿಯಾಗಿ ಉಳಿದು ತಳ್ಳಲಿ ಎಂದು. ವಿರೋಧವಾದ ಎರಡು ಕೆಲಸಗಳನ್ನು ಒಂದೇ ಗುಂಡಿಗೆ ಹೀಗೆ ಹಂಚಿಕೊಟ್ಟದ್ದು ಬಹಳ ಜಾಣತನವೆಂದು ನನಗೆ ತೋರುತ್ತದೆ. 1948ರಿಂದ ಅದು ಮಾರಾಟಕ್ಕೆ ಬಂದಿತು.

ಗುರಿಯ ವಿಷಯ. ಜೋಡುನಳಿಗೆಯ ರೈಫಲ್ಲನ್ನು ಒಂದೇ ತೂಕದ ಗುಂಡಿಗೆ, ಒಂದೇ ಅಳತೆಯ ಮದ್ದಿಗೆ ಹೊಂದಿಸಿರುತ್ತಾರೆ. ತೋಟಾ ಬದಲಾಯಿತೋ, ಎರಡು ನಳಿಗೆಗಳೂ ಎರಡು ದಿಕ್ಕನ್ನು ಹಿಡಿಯುವುವು. ನಮ್ಮಂತಹ ಉಷ್ಣದೇಶದ ಬಿಸಿಲಿನಲ್ಲಿ ಕಾರ್ಡೈಟ್ ಮದ್ದಿನ ಒತ್ತಡ ಏರುವುದರಿಂದ, ಆಂಗ್ಲ ತಯಾರಕರು ನಮಗೆಂದು ಮದ್ದನ್ನು ಕಡಮೆಮಾಡಿದ ಬೇರೆ ತೋಟಾಗಳನ್ನೇ ಕಳುಹಿಸುತ್ತಿದ್ದರು.

ಈಚೆಗೆ ಇನ್ನೊಂದು ಯೋಚನೆ ಸೇರಿದೆ. ಬೇಟೆಗಾರನು ಕಾಡಿನಲ್ಲಿ ಬಿಟ್ಟ ಕರುಳುಗಳಲ್ಲಿ ಉಳಿದ ಸೀಸದ ಚೂರುಗಳನ್ನು ತಿಂದು ಕ್ಯಾಲಿಫೋರ್ನಿಯದ ಕಾಂಡರ್ ಎಂಬ ಹದ್ದುಗಳು ವಿಷವೇರಿ ಸತ್ತುವು. ಆದುದರಿಂದ 2019ರ ಜುಲೈ 1ರಿಂದ ಆ ಪ್ರಾಂತದಲ್ಲಿ ಬೇಟೆಗೆ ಸೀಸದ ಗುಂಡು ಕೂಡದು. ಅದರ ಬದಲು ಅಚ್ಚ ತಾಮ್ರದ ಗುಂಡು ಬಳಕೆಗೆ ಬಂದಿದೆ. ಅರಳಿಯೂ ಚೂರಾಗದಿರುವುದು ಅದರ ಗುಣ. ಆದರೆ ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ಗುಂಡು ಉದ್ದವಾಗಬೇಕು, ಉದ್ದವಾದ ಗುಂಡು ನೆಟ್ಟಗೆ ಹಾರಲು ನಳಿಗೆಯೊಳಗಿನ ತಿರುಪು ಬಿಗಿಯಾಗಿರಬೇಕು. ಹಳೆಯ ನಳಿಗೆಯವರು ಕಾಡಿಗೆ ಹೊರಡುವ ಮುನ್ನ ಇದನ್ನು ಕಾಗದದ ಗುರಿಹಲಗೆಯ ಮೇಲೆ ಹೊಡೆದು ನೋಡಿಕೊಳ್ಳತಕ್ಕದ್ದು.