ಠಾಣೆಯ ಲೆಕ್ಕ ಜನರ ಮುಂದೆ ಬರಲಿ
(ಪೀಣ್ಯದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ವರ್ಷ ಪೀಣ್ಯದಲ್ಲಿ ಎಷ್ಟು ಕಳವಾದವು, ರಾತ್ರಿ ಪಾಳಿ ಮುಗಿಸಿ ನಡೆದುಹೋಗುವ ಎಷ್ಟು ಹೆಣ್ಣುಮಕ್ಕಳ ಸರ ಕಿತ್ತರು ಎಂದು ಕೇಳಿದರೆ ನಮ್ಮಲ್ಲಿ ಯಾರಿಗೂ ಹೇಳಲು ಬರುವುದಿಲ್ಲ. ಅಪರಾಧ ನಡೆಯುವುದು ನಮ್ಮ ಮೇಲೆ. ಅದರ ಲೆಕ್ಕ ಮಾತ್ರ ಠಾಣೆಯ ಬೀರುವಿನಲ್ಲಿ. ಇದು ಯಾವ ನ್ಯಾಯ?

ದೆಹಲಿಯಿಂದ ಪ್ರತಿ ವರ್ಷದ ಅಪರಾಧಗಳ ದಪ್ಪ ವರದಿಯೊಂದು ಬರುತ್ತದೆ. 1953ರ ಲೆಕ್ಕದಿಂದ ಮೊದಲಾದ ಪದ್ಧತಿ ಅದು. ಅದರಲ್ಲಿ ಬೆಂಗಳೂರು ನಗರಕ್ಕೆ ಒಂದೇ ಒಂದು ಸಾಲು. ಆ ಸಾಲಿನಲ್ಲಿ ಜಯನಗರದ ಬಂಗಲೆಯೂ ಉಂಟು, ವೈಟ್‌ಫೀಲ್ಡಿನ ಗಾಜಿನ ಕಟ್ಟಡವೂ ಉಂಟು, ಪೀಣ್ಯದ ಶೆಡ್ಡೂ ಉಂಟು. ಎಲ್ಲವನ್ನೂ ಕಲಸಿ ಕೊಟ್ಟ ಅಂಕಿಯಿಂದ ನಮ್ಮ ಬೀದಿಯ ಸ್ಥಿತಿ ತಿಳಿಯುವುದಾದರೂ ಹೇಗೆ?

ಅಂಕಿ ಕಡಿಮೆ ಇದ್ದ ಮಾತ್ರಕ್ಕೆ ಅಪರಾಧ ಕಡಿಮೆ ಎಂದು ನಂಬುವವರು ನಾವಲ್ಲ. ಶಾಲೆಗೆ ಸಾಹೇಬರು ಬರುವ ದಿನ ಹಾಜರಿ ಪುಸ್ತಕ ತುಂಬಿರಬೇಕು. ಠಾಣೆಗೆ ಸಾಹೇಬರು ಬರುವ ದಿನ ಪುಸ್ತಕ ಖಾಲಿ ಇದ್ದಷ್ಟೂ ಒಳ್ಳೆಯದು! ಯಾದಗಿರಿಯಿಂದಲೋ ಒಡಿಶಾದಿಂದಲೋ ಬಂದು ಶೀಟಿನ ಮನೆಯಲ್ಲಿರುವ ಹುಡುಗನ ಮೊಬೈಲನ್ನು ಯಾರೋ ಕಸಿದುಕೊಂಡರೆ, “ಕಳೆದುಹೋಯಿತು ಎಂದು ಬರೆದುಕೊಡು” ಎನ್ನುತ್ತಾರೆ. ಅಲ್ಲಿಗೆ ಸುಲಿಗೆ ಮಾಯ. ಕಳೆದುಕೊಂಡವನದೇ ಅಜಾಗ್ರತೆ!

ಕಾನೂನು ಹೀಗೆ ಹೇಳಿಲ್ಲ. ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧ ದೂರಿನಲ್ಲಿ ಕಂಡುಬಂದರೆ ಎಫ್.ಐ.ಆರ್. ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್.ಐ.ಆರ್.ಗಳನ್ನು 24 ಗಂಟೆಯೊಳಗೆ ಪೊಲೀಸರ ಜಾಲತಾಣದಲ್ಲಿ ಹಾಕಬೇಕೆಂದು 2016ರಲ್ಲಿ ಅದೇ ನ್ಯಾಯಾಲಯ ಹೇಳಿತು. ಆದರೆ ದಾಖಲೇ ಆಗದ ದೂರು ಯಾವ ಜಾಲತಾಣದಲ್ಲಿ ಕಂಡೀತು?

ಅದೇ 2016ರ ಏಪ್ರಿಲ್ 18 ಮತ್ತು 19ನ್ನು ನೆನೆಯಿರಿ. ಭವಿಷ್ಯನಿಧಿಯ ಹಣ ತೆಗೆಯಲು ಕೇಂದ್ರ ಸರ್ಕಾರ ಹಾಕಿದ ತಡೆಯ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಕಲ್ಲು ಬಿದ್ದದ್ದೂ ನಿಜ, ಬಸ್ಸು ಉರಿದದ್ದೂ ನಿಜ. ಕೊನೆಗೆ ಆ ತಡೆಯನ್ನು ಸರ್ಕಾರವೇ ಹಿಂತೆಗೆದುಕೊಂಡಿತು. ಜನರ ಮೇಲೆ ಹೂಡಿದ ಮೊಕದ್ದಮೆಗಳು ಲೆಕ್ಕಕ್ಕೆ ಬಂದವು. ಲಾಠಿಯ ಪೆಟ್ಟು ತಿಂದ ಬೆನ್ನುಗಳನ್ನು ಎಣಿಸಿದವರಾರು?

ಪೊಲೀಸರ ಮೇಲಿನ ದೂರು ವಿಚಾರಿಸಲು ಪ್ರತ್ಯೇಕ ಪ್ರಾಧಿಕಾರ ಬೇಕೆಂದು 2006ರ ಪ್ರಕಾಶ್ ಸಿಂಗ್ ತೀರ್ಪು ಹೇಳಿತು. ಕರ್ನಾಟಕ 2012ರಲ್ಲಿ ಅದಕ್ಕೆ ಕಾನೂನನ್ನೂ ಮಾಡಿತು. ಇಂಥದೊಂದು ಬಾಗಿಲು ಇದೆ ಎಂದು ಈ ಸಭೆಯಲ್ಲಿ ಎಷ್ಟು ಮಂದಿಗೆ ಗೊತ್ತು?

ಆದ್ದರಿಂದ ನಾವು ಮಾಹಿತಿ ಹಕ್ಕಿನ 2005ರ ಕಾಯಿದೆಯಂತೆ ಅರ್ಜಿ ಹಾಕಬೇಕೆಂದಿದ್ದೇವೆ. ಹತ್ತು ರೂಪಾಯಿ ಶುಲ್ಕ. ಒಂದು ಅರ್ಜಿಗೆ ಒಂದೇ ವಿಷಯ, 150 ಮಾತು ಮೀರಬಾರದು; ಇದು ನಮ್ಮ ರಾಜ್ಯದ ನಿಯಮ, ಬಡವರ ಬಾಯಿ ಚಿಕ್ಕದಿರಲೆಂದು ಮಾಡಿದಂತಿದೆ. ಮೂರು ವರ್ಷಗಳಲ್ಲಿ ಠಾಣೆಗೆ ಬಂದ ದೂರುಗಳೆಷ್ಟು, ಎಫ್.ಐ.ಆರ್. ಆದವೆಷ್ಟು, ಬರೀ ಅರ್ಜಿಯೆಂದು ಮುಗಿಸಿದವೆಷ್ಟು, ಆರೋಪಪಟ್ಟಿ ಹೋದವೆಷ್ಟು ಎಂದು ಕೇಳುತ್ತೇವೆ. ಸಿಬ್ಬಂದಿಯ ಮೇಲೆ ಬಂದ ದೂರುಗಳಿಗೆ ಬೇರೆ ಅರ್ಜಿ. ತನಿಖೆಗೆ ತೊಂದರೆಯಾಗುತ್ತದೆ ಎಂದಾರು. ನಾವು ಯಾರ ಹೆಸರನ್ನೂ ಕೇಳುತ್ತಿಲ್ಲ, ನೊಂದ ಹೆಣ್ಣುಮಕ್ಕಳ ಹೆಸರನ್ನಂತೂ ಕೇಳಲೇಬಾರದು. ಕೇಳುವುದು ಎಣಿಕೆ ಮಾತ್ರ. ಎಣಿಕೆಯಿಂದ ಯಾವ ಕಳ್ಳನೂ ತಪ್ಪಿಸಿಕೊಳ್ಳುವುದಿಲ್ಲ.

30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. ಉತ್ತರ ಬಂದರೆ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಕಾರ್ಖಾನೆಗಳ ಗೇಟಿನ ಎದುರು ಅಂಟಿಸುತ್ತೇವೆ. ಅರ್ಜಿಗಳು ಆ ಮೇಜಿನ ಮೇಲಿವೆ. ಎರಡನೆಯ ಪಾಳಿಗೆ ಹೋಗುವವರು ಮೊದಲು ಸಹಿ ಹಾಕಿ.